ಮಕ್ಕಳ ಸಂಜೆ ತರಗತಿಗೆ ಅನುದಾನ ಕೇಳುವ ಮುನ್ನ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯ ಯುವಕ ಮಂಡಲಗಳ ಅರ್ಜಿ ಸೋಲುವುದು ಹೆಚ್ಚಾಗಿ ಲೆಕ್ಕದಲ್ಲಿ. ‘ಮಕ್ಕಳ ಸರ್ವತೋಮುಖ ಬೆಳವಣಿಗೆಗೆ 1 ಲಕ್ಷ’ ಎಂದರೆ ಏನೂ ತಿಳಿಯುವುದಿಲ್ಲ. ಬಿಡಿಸಿ ಬರೆಯಿರಿ: 30 ಮಕ್ಕಳು, ವಾರಕ್ಕೆ 2 ದಿನ, 40 ವಾರ, ಒಟ್ಟು 80 ತರಗತಿ. ಕಲಿಸುವವರಿಗೆ ತರಗತಿಗೆ 400ರಂತೆ 32,000 ರೂಪಾಯಿ. ತಿಂಡಿಗೆ ತರಗತಿಗೊಮ್ಮೆ ಮಗುವಿಗೆ 15ರಂತೆ 36,000. ಮಳೆಗಾಲದ ರಜೆ, ಪರೀಕ್ಷೆಗಳನ್ನು ಕಳೆದೇ 40 ವಾರ ಹಿಡಿದದ್ದು. ತಿಂಡಿಯನ್ನು ಮಾತ್ರ ಕತ್ತರಿಸಬೇಡಿ, ಹಸಿದ ಮಗು ಸಂಜೆ ಕೂರುವುದಿಲ್ಲ.

ಪಂಚಾಯತಿನ ಹಣ ಬೇಕಿದ್ದರೆ ಗ್ರಾಮಸಭೆಯಲ್ಲೇ ವಿಷಯ ಎತ್ತಿ. ವಾರ್ಷಿಕ ಯೋಜನೆ ಅಂತಿಮವಾದ ಮೇಲೆ ಹೋದರೆ ಅದು ಮುಂದಿನ ವರ್ಷದ ಮಾತು. ಅರ್ಜಿ ಕನ್ನಡದಲ್ಲೇ ಕೊಡಬಹುದು, 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿತು. ಜೊತೆಗೆ ಮಲಯಾಳದಲ್ಲಿ ಒಂದು ಪುಟದ ಸಾರಾಂಶ ಇಟ್ಟರೆ ಕಡತ ಬೇಗ ಚಲಿಸುತ್ತದೆ.

ಕಂಪೆನಿಗಳ ಸಿಎಸ್‌ಆರ್ ಹಣಕ್ಕೆ (ಸಮಾಜದ ಕೆಲಸಕ್ಕೆಂದು ಅವು ತೆಗೆದಿಡುವ ಹಣ) ಸಂಘದ ನೋಂದಣಿ, ಪಾನ್, 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ), ಸಿಎಸ್‌ಆರ್-1 (ಕೇಂದ್ರದ ಕಂಪೆನಿ ವ್ಯವಹಾರ ಸಚಿವಾಲಯದಲ್ಲಿ ನೋಂದಣಿ) ಬೇಕು. ಅಂಥದೇ ಕೆಲಸದಲ್ಲಿ 3 ವರ್ಷದ ಅನುಭವವೂ ಬೇಕು. ಇಲ್ಲಿ ದೊಡ್ಡ ತೊಡಕು ಹೆಸರಿನದು: ನೋಂದಣಿಯಲ್ಲಿ ‘ಯುವಕ ಮಂಡಲ’, ಪಾಸ್‌ಬುಕ್ಕಿನಲ್ಲಿ ‘ಯುವಕ ಮಂಡಳಿ’ ಎಂದಿದ್ದರೆ ಹಣ ಅಲ್ಲೇ ನಿಲ್ಲುತ್ತದೆ. ಮೊದಲು ಅದನ್ನು ಸರಿಪಡಿಸಿ. ಅನುದಾನಕ್ಕೆ ಬೇರೆಯೇ ಖಾತೆ ತೆರೆದು, ಪ್ರತಿ ಬಿಲ್ಲನ್ನೂ ದಿನಾಂಕ ಹಾಕಿ ಅಂದೇ ಅಂಟಿಸಿಡಿ.