ಯೂಬ್ಲಾಕ್ ಹೋಯ್ತು, ಅಂಗಡೀಲಿ ಎಲ್ಲರೂ ಐಫೋನ್ ಗೆದ್ರು

ಗುಬ್ಬಿ ಗೇಟ್ ಹತ್ರ ನಂದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಮೂರು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು, ಪಹಣಿ, ಜಾತಿ-ಆದಾಯ, ಸ್ಕಾಲರ್‌ಶಿಪ್ ಅರ್ಜಿ, ಅಷ್ಟೇ ವ್ಯಾಪಾರ. 2025ರ ಮಳೆಗಾಲದಲ್ಲಿ ಒಂದಿನ ಒಂದು ಹುಡುಗಿ ಬಂದ್ಲು, ಫೋಟೋ 50 ಕೆಬಿ ಒಳಗೆ ಇಳಿಸ್ಬೇಕಂತೆ, ನಾನು ಇನ್ಯಾರ್ದೋ ಪ್ರಿಂಟ್ ತೆಗೀತಿದ್ದೆ, ನೀನೇ ಮಾಡ್ಕೊಳಮ್ಮಾ ಅಂದೆ, ಅವಳು ಯಾವ್ದೋ ಫ್ರೀ ಸೈಟ್ ತೆಗೆದ್ಲು, ಅದರಲ್ಲಿ ಮೂರು ಡೌನ್‌ಲೋಡ್ ಬಟನ್, ನಿಜವಾದ್ದು ಒಂದೇ, ಅದೂ ಎಲ್ಲಕ್ಕಿಂತ ಚಿಕ್ಕದು. ಅವಳು ದಪ್ಪದ್ದೇ ಒತ್ತಿದ್ಲು, ಆಮೇಲೆ ನೋಟಿಫಿಕೇಶನ್ ಕಳಿಸ್ಲಾ ಅಂತ ಕೇಳಿದ್ದಕ್ಕೂ ಅಲೋ ಒತ್ತಿದ್ಲು.

ಅವತ್ತಿಂದ ಎರಡೆರಡು ನಿಮಿಷಕ್ಕೆ ಮೂಲೇಲಿ ಟಿಣ್ ಅಂತ ಒಂದು ಡಬ್ಬಿ. ಒಂದ್ಸಲ ವೈರಸ್ ಬಂದಿದೆ ಅಂತ, ಇನ್ನೊಂದ್ಸಲ ನೀವು ಐಫೋನ್ ಗೆದ್ದಿದ್ದೀರಿ ಅಂತ. ಪಹಣಿಗೆ ಬಂದಿದ್ದ ಒಬ್ರು ಹಿರೀಕರು ಕನ್ನಡಕ ಸರಿ ಮಾಡ್ಕೊಂಡು ನೋಡಿ "ಏನೋ ಗೆದ್ದಿದ್ದೀರಿ ಅಂತೈತಲ್ಲಪ್ಪಾ, ನಾನಾ ನೀನಾ?" ಅಂದ್ರು. ಏನ್ ಹೇಳ್ಲಿ.

ನಂಗೆ ಆಶ್ಚರ್ಯ ಆಗಿದ್ದು ಬೇರೆ ವಿಷ್ಯಕ್ಕೆ. ಮೂರೂ ಮಿಷನ್ನಿಗೆ ನಾನು ಯೂಬ್ಲಾಕ್ ಒರಿಜಿನ್ ಹಾಕಿಟ್ಟಿದ್ದೆ, ಅದು ಆ್ಯಡ್ ತಡೆಯೋ ಎಕ್ಸ್‌ಟೆನ್ಶನ್ನು, ಅಂದ್ರೆ ಬ್ರೌಸರ್‌ಗೆ ಸೇರಿಸ್ಕೊಳ್ಳೋ ಚಿಕ್ಕ ಪ್ರೋಗ್ರಾಮು, ಅದಿದ್ದಾಗ ಇಂಥಾ ಸುಳ್ಳು ಬಟನ್ನು ಕಣ್ಣಿಗೇ ಬೀಳ್ತಿರ್ಲಿಲ್ಲ. ಹೋಗಿ ನೋಡಿದ್ರೆ ಕ್ರೋಮ್‌ನಲ್ಲಿ ಆ ಕೆಂಪು ಗುರಾಣಿನೇ ಇಲ್ಲ. ಮೆಸೇಜ್ ಏನೋ ಮೊದ್ಲೇ ಬಂದಿತ್ತು, ಈ ಎಕ್ಸ್‌ಟೆನ್ಶನ್‌ಗೆ ಇನ್ಮೇಲೆ ಸಪೋರ್ಟ್ ಇಲ್ಲ ಅಂತ, ರಶ್ಶಲ್ಲಿ ನಾನೇ ಓದ್ದೆ ಒತ್ತಿ ಮುಚ್ಚಿದ್ದೆ. ತಪ್ಪು ನಂದೇ.

ಇದರ ಹಿಂದೆ ಇರೋದು ಮ್ಯಾನಿಫೆಸ್ಟ್ ವರ್ಷನ್ 3 ಅನ್ನೋ ಹೊಸ ನಿಯಮ. ಎಕ್ಸ್‌ಟೆನ್ಶನ್ ಅಂದ್ರೆ ಹಿಂಗಿರ್ಬೇಕು, ಇಷ್ಟೇ ಮಾಡ್ಬಹುದು ಅನ್ನೋ ಕಟ್ಟುಪಾಡು. ಗೂಗಲ್‌ನೋರು 2018ರಲ್ಲೇ ಇದರ ಕರಡು ಹೊರಗೆ ಬಿಟ್ಟಿದ್ರು, ಅವತ್ತಿಂದಾನೇ ಜಗಳ, ಮುಂದಕ್ಕೆ ಹಾಕಿ ಹಾಕಿ ಕೊನೆಗೆ 2024ರಲ್ಲಿ ಹಳೇ ವರ್ಷನ್ 2 ಎಕ್ಸ್‌ಟೆನ್ಶನ್‌ಗಳನ್ನ ಒಂದೊಂದಾಗಿ ಆಫ್ ಮಾಡೋಕೆ ಶುರು ಮಾಡಿದ್ರು, ಕಂಪನಿಗಳಿಗೆ ಅಂತ ಬಿಟ್ಟಿದ್ದ ವಿನಾಯಿತಿನೂ 2025ರಲ್ಲಿ ಮುಗೀತು, ಕ್ರೋಮ್ 139 ಬರೋ ಹೊತ್ತಿಗೆ ಹಳೇದಕ್ಕೆ ಬಾಗಿಲು ಪೂರ್ತಿ ಬಂದ್.

ಏನು ಬದಲಾಯ್ತು ಅಂತ ನನ್ ತಮ್ಮನಿಗೆ ಹೇಳಿದ ಥರಾನೇ ಹೇಳ್ತೀನಿ. ಛತ್ರದಲ್ಲಿ ಮದುವೆ ನಡೀತಿದೆ ಅನ್ಕೊಳ್ಳಿ. ಮೊದ್ಲು ಬಾಗಿಲಲ್ಲಿ ನಮ್ ಸೋದರಮಾವ ನಿಂತಿರ್ತಿದ್ರು, ಬರೋರ ಮುಖ ನೋಡೋರು, ಯಾರ ಕಡೆಯೋರು ಅಂತ ಕೇಳೋರು, ಅನುಮಾನ ಬಂದ್ರೆ ಅಲ್ಲೇ ವಾಪಸ್ ಕಳ್ಸೋರು. ಅದು ಹಳೇ ವೆಬ್‌ರಿಕ್ವೆಸ್ಟ್. ಪೇಜು ಒಂದೊಂದು ಫೈಲ್ ಕೇಳ್ದಾಗ್ಲೂ ಬ್ರೌಸರ್ ನಿಂತು ಎಕ್ಸ್‌ಟೆನ್ಶನ್ನ ಕೇಳ್ತಿತ್ತು, ಬಿಡ್ಲಾ ಬೇಡ್ವಾ ಅಂತ. ಈಗ ಛತ್ರದ ಮ್ಯಾನೇಜರ್ ಹೇಳ್ತಾನೆ, ನಿಮ್ ಮಾವ ತಡೆಯೋದು ಬೇಡ, ಯಾರನ್ನ ಬಿಡಬಾರ್ದು ಅಂತ ಪಟ್ಟಿ ಬರ್ದು ಕೊಡಿ, ನಮ್ ವಾಚ್‌ಮನ್ ನೋಡ್ಕೊತಾನೆ. ಇದು ಡಿಕ್ಲೆರೇಟಿವ್ ನೆಟ್ ರಿಕ್ವೆಸ್ಟ್. ಪಟ್ಟೀಗೂ ಲೆಕ್ಕ ಇದೆ, ಒಂದು ಎಕ್ಸ್‌ಟೆನ್ಶನ್‌ಗೆ ಗ್ಯಾರಂಟಿ ಅಂತ ಸಿಗೋದು 30,000 ರೂಲ್ಸ್, ಅದರ ಮೇಲೆ ಬೇಕಂದ್ರೆ ಎಲ್ಲಾ ಎಕ್ಸ್‌ಟೆನ್ಶನ್‌ಗಳೂ ಹಂಚ್ಕೊಳ್ಳೋ ಒಂದು ಕೋಟಾದಿಂದ ತಗೋಬೇಕು. 30,000 ಜಾಸ್ತಿ ಅನ್ಸುತ್ತೆ, ಆದ್ರೆ ಆ್ಯಡ್ ತಡೆಯೋ ಪಟ್ಟಿಗಳಲ್ಲಿ ಈಸಿಲಿಸ್ಟ್ ಒಂದೇ ಅದನ್ನ ದಾಟುತ್ತೆ.

ಗೂಗಲ್ ಹೇಳೋ ಕಾರಣ ಸೆಕ್ಯುರಿಟಿ ಮತ್ತೆ ಸ್ಪೀಡು. ಸುಳ್ಳು ಅಂತ ತಳ್ಳಾಕೋಕೆ ಆಗಲ್ಲ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದು ಎಕ್ಸ್‌ಟೆನ್ಶನ್ ಇತ್ತು, ನಾನೇ ಹಾಕ್ಕೊಂಡಿದ್ದೆ, ಮೊದ್ಲಿನ ಮಾಲೀಕ ಯಾರಿಗೋ ಮಾರಿದ, ಹೊಸಬರ ಕೈಲಿ ಅದು ಕೆಟ್ಟು 2021ರ ಫೆಬ್ರವರೀಲಿ ಕ್ರೋಮ್ ಸ್ಟೋರಿಂದ ಕಿತ್ತಾಕಿದ್ರು. ಬಾಗಿಲಲ್ಲಿ ನಿಂತೋನೇ ಕಳ್ಳ ಆದ್ರೆ ಮುಗೀತು ಕಥೆ. ಹೊಸ ನಿಯಮದಲ್ಲಿ ಹೊರಗಡೆಯಿಂದ ಕೋಡ್ ತಂದು ಓಡ್ಸೋ ಹಾಗಿಲ್ಲ ಅನ್ನೋದು ನನ್ ಪ್ರಕಾರ ಒಳ್ಳೇದೇ.

ಆದ್ರೆ ಒಂದು ವಿಷ್ಯ ನಂಗೆ ಇನ್ನೂ ಗಂಟಲಲ್ಲಿ ಇಳ್ದಿಲ್ಲ. ವೆಬ್‌ರಿಕ್ವೆಸ್ಟ್‌ನ ಪೂರ್ತಿ ತೆಗ್ದಿಲ್ಲ ಕಣ್ರೀ. ಪರ್ಮಿಷನ್ ಇರೋ ಎಕ್ಸ್‌ಟೆನ್ಶನ್ ಈಗ್ಲೂ ನೀವು ಎಲ್ಲೆಲ್ಲಿ ಹೋಗ್ತೀರಿ ಅಂತ ಕೂತ್ಕೊಂಡು ನೋಡ್ಬಹುದು, ತಡೆಯೋದು ಮಾತ್ರ ಆಗಲ್ಲ. ಅಂದ್ರೆ ಮಾವ ಬಾಗಿಲಲ್ಲೇ ಕೂತು ಎಲ್ಲರ ಮುಖಾನೂ ನೋಡ್ಬಹುದು, ಕೈ ಎತ್ತೋ ಹಾಗಿಲ್ಲ. ಕದಿಯೋನಿಗೆ ಬೇಕಾಗಿರೋದೇ ನೋಡೋದು ತಾನೇ, ಅದನ್ನ ಬಿಟ್ಟು ಕಾಯೋನ ಕೈ ಕಟ್ಟಿದ್ರೆ ಸೆಕ್ಯುರಿಟಿ ಎಲ್ಲಿಂದ ಬಂತು? ಆ್ಯಡ್‌ನಿಂದಲೇ ಬಹುಪಾಲು ದುಡ್ಡು ಮಾಡೋ ಕಂಪನಿ ಈ ನಿಯಮ ಬರೆದಾಗ ಜನ ಅನುಮಾನ ಪಡೋದು ಸಹಜ. ಆ್ಯಪಲ್‌ನೋರು 2015ರಲ್ಲೇ ಐಫೋನ್ ಸಫಾರಿಗೆ ಇದೇ ಪಟ್ಟಿ ಕೊಡೋ ಪದ್ಧತಿ ತಂದಿದ್ರು, ಅವಾಗ ಇಷ್ಟು ಗಲಾಟೆ ಆಗ್ಲಿಲ್ಲ, ಯಾಕಂದ್ರೆ ಅಲ್ಲಿ ಮೊದ್ಲು ಏನೂ ಇರ್ಲೇ ಇಲ್ಲ, ಕೊಟ್ಟಿದ್ದೇ ಲಾಭ. ಇಲ್ಲಿ ಇದ್ದಿದ್ದನ್ನ ಕಿತ್ಕೊಂಡ್ರು.

ಯೂಬ್ಲಾಕ್ ಬರೆದ ರೇಮಂಡ್ ಹಿಲ್ ಹೊಸ ನಿಯಮಕ್ಕೆ ಅಂತಾನೇ ಯೂಬ್ಲಾಕ್ ಒರಿಜಿನ್ ಲೈಟ್ ಮಾಡಿದ್ದಾರೆ. ಹಾಕಿ ನೋಡ್ದೆ. ನಿಜ ಹೇಳ್ಬೇಕಂದ್ರೆ ದಿನದ ಕೆಲ್ಸಕ್ಕೆ ಸಾಕು, ಆ ಮೂರು ಬಟನ್ ಸೈಟಲ್ಲೂ ಒಂದೇ ಬಟನ್ ಉಳೀತು. ಕಷ್ಟ ಇರೋದು ಆ್ಯಡ್‌ನೋರು ಇವತ್ತು ದಾರಿ ಬದಲಾಯಿಸಿದಾಗ. ಹಳೇದು ಹೊಸ ಪಟ್ಟೀನ ನೇರವಾಗಿ ಇಳಿಸ್ಕೊತಿತ್ತು, ಲೈಟ್‌ನಲ್ಲಿ ಪಟ್ಟಿ ಎಕ್ಸ್‌ಟೆನ್ಶನ್ ಜೊತೆಗೇ ಬರುತ್ತೆ, ಹಂಗಾಗಿ ಅಪ್‌ಡೇಟ್ ಸ್ಟೋರ್ ದಾಟಿ ಬರೋವರೆಗೂ ಕಾಯ್ಬೇಕು.

ಬೇರೆ ಬ್ರೌಸರ್ ನೋಡೋಣ ಅಂತ ಹೊರಟ್ರೆ ಎಡ್ಜು, ಒಪೆರಾ, ವಿವಾಲ್ಡಿ, ಬ್ರೇವ್ ಎಲ್ಲಾ ಒಂದೇ ಕ್ರೋಮಿಯಂ ಹಿಟ್ಟಿನ ರೊಟ್ಟಿ, ಕ್ರೋಮ್ ಮಾಡಿರೋದೂ ಅದೇ ಕೋಡ್‌ನಿಂದ. ಬ್ರೇವ್‌ನಲ್ಲಿ ಮಾತ್ರ ಆ್ಯಡ್ ತಡೆಯೋದು ಬ್ರೌಸರ್ ಒಳಗೇ ಇದೆ, ಎಕ್ಸ್‌ಟೆನ್ಶನ್ನಿನ ಹಂಗಿಲ್ಲ, ನಿಯಮ ಬದಲಾದ್ರೂ ತೊಂದ್ರೆ ಇಲ್ಲ. ಅದರಲ್ಲಿರೋ ಕ್ರಿಪ್ಟೋ ವ್ಯಾಲೆಟ್ಟು ಗಿವ್ಯಾಲೆಟ್ಟು ನಂಗೆ ಹಿಡಿಸ್ಲಿಲ್ಲ, ಅದು ನನ್ ಚಾಳಿ ಬಿಡಿ. ಫೈರ್‌ಫಾಕ್ಸ್‌ನೋರು ವರ್ಷನ್ 3 ತಗೊಂಡ್ರೂ ಹಳೇ ತಡೆಯೋ ಅಧಿಕಾರ ಬಿಟ್ಟುಕೊಟ್ಟಿಲ್ಲ, ಎರಡೂ ಇದೆ, ಮೊಬೈಲ್ ಫೈರ್‌ಫಾಕ್ಸ್‌ನಲ್ಲೂ ಪೂರ್ತಿ ಯೂಬ್ಲಾಕ್ ಓಡುತ್ತೆ. ತಮಾಷೆ ಅಂದ್ರೆ ಫೈರ್‌ಫಾಕ್ಸ್ ಮಾಡೋ ಮೊಜಿಲ್ಲಾಕ್ಕೆ ಬರೋ ಆದಾಯದಲ್ಲಿ ದೊಡ್ಡ ಪಾಲು ಗೂಗಲ್ ಸರ್ಚ್ ಒಪ್ಪಂದದ್ದೇ. ಎಷ್ಟು ದಿನ ಹಿಂಗೇ ಇರುತ್ತೋ ಅಂತ ಭಯಾನೂ ಇದೆ.

ಕೊನೆಗೆ ಎರಡು ಮಿಷನ್ನಿಗೆ ನರಿ ಗುರುತಿನ ಫೈರ್‌ಫಾಕ್ಸ್ ಹಾಕ್ದೆ. ಮೂರನೇದ್ರಲ್ಲಿ ಕ್ರೋಮ್‌ನೇ ಉಳಿಸ್ಕೊಂಡೆ, ಜೊತೆಗೆ ಲೈಟು, ಯಾಕಂದ್ರೆ ಬೆರಳಚ್ಚು ಮಿಷನ್ ಕೆಲ್ಸದ ಒಂದು ಸೈಟು ಬೇರೆದ್ರಲ್ಲಿ ತೆಗೆದ್ರೆ ಕ್ರೋಮ್‌ನಲ್ಲೇ ಬನ್ನಿ ಅನ್ನುತ್ತೆ. ನಾನು ದಿನಾ ಓದೋ ಎರಡು ಕನ್ನಡ ಸುದ್ದಿ ಸೈಟಿಗೆ ಯೂಬ್ಲಾಕ್ ಆಫ್ ಮಾಡಿದ್ದೀನಿ, ಅವ್ರದ್ದೂ ಹೊಟ್ಟೆಪಾಡು.

ಮಾರನೇ ದಿನ ಅದೇ ಹುಡುಗಿ ಬಂದು ಕೂತ್ಲು, ಮೌಸ್ ಹಿಡ್ಕೊಂಡು ಸ್ಕ್ರೀನ್ ಪೂರ್ತಿ ಹುಡುಕಿದ್ಲು, ಆಮೇಲೆ ನನ್ ಕಡೆ ತಿರುಗಿ "ಅಣ್ಣಾ, ಇದ್ರಲ್ಲಿ ಇಂಟರ್‌ನೆಟ್ ತೆಗೆದ್‌ಬಿಟ್ರಾ?" ಅಂದ್ಲು. ನರಿ ಮೇಲೆ ಒತ್ತಮ್ಮಾ ಅಂದೆ.