ಬೆಣ್ಣೆಯ ದುಡ್ಡು ಯಾರದು?

ಬ್ಯಾಂಕಿನ ಸಾಲ ವಿಭಾಗದಲ್ಲಿ ನೌಕರಿ ಮಾಡಿದವಳು ನಾನು. ಗೆಳೆಯನ ಸಾಲಕ್ಕೆ ಗಂಡ ಜಾಮೀನು ನಿಲ್ಲುತ್ತಾನೆ. ನೋಟಿಸು ಬಂದ ದಿನ ಬಾಗಿಲು ತೆಗೆಯುವವಳು ಹೆಂಡತಿ. ಇಂಥ ಹೆಂಗಸರ ಮುಖ ಕಂಡಿರುವುದರಿಂದಲೇ ಇರಬೇಕು, ಅಮೆರಿಕದ ಆರೆಗಾನ್‌ನ ಮಹಿಳಾ ಮತದಾನದ ಹೋರಾಟಗಾರ್ತಿ ಅಬಿಗೇಲ್ ಸ್ಕಾಟ್ ಡನಿವೇಯ ಬದುಕು ನನ್ನನ್ನು ಬಿಡದೆ ಕಾಡುತ್ತದೆ.

1852ರಲ್ಲಿ ಸ್ಕಾಟ್ ಕುಟುಂಬ ಇಲಿನಾಯ್ ಬಿಟ್ಟು ಎತ್ತಿನ ಬಂಡಿಗಳಲ್ಲಿ ಪಶ್ಚಿಮಕ್ಕೆ ಹೊರಟಿತು. ದಾರಿಯ ದಿನಚರಿ ಬರೆಯುವ ಕೆಲಸವನ್ನು ತಂದೆ ಹದಿನೇಳರ ಅಬಿಗೇಲಳಿಗೆ ವಹಿಸಿದ. ಹೆರಿಗೆಗಳಿಂದ ಸೋತಿದ್ದ ತಾಯಿ ದಾರಿಯಲ್ಲೇ ಕಾಲರಾದಿಂದ ಸತ್ತಳು. ಮುಂದೆ ಪುಟ್ಟ ತಮ್ಮನೂ ಹೋದ. ಅದನ್ನೂ ಆ ಹುಡುಗಿಯೇ ಬರೆದಿಡಬೇಕಾಯಿತು.

ಅವರು ಸೇರಿದ ಆರೆಗಾನ್‌ನ ವಿಲ್ಲಾಮೆಟ್ ಕಣಿವೆ ಬರಿದಾದ ನೆಲವಲ್ಲ, ಕಲಪೂಯ ಎಂಬ ಮೂಲನಿವಾಸಿ ಜನರ ನಾಡು. ಮೊದಲ ವಲಸಿಗರ ಹೆಗ್ಗಳಿಕೆ ಹೇಳುವಾಗ ಇದನ್ನು ಮರೆಯುವುದು ನನಗೆ ಒಪ್ಪಿಗೆಯಿಲ್ಲ.

1853ರಲ್ಲಿ ಬೆಂಜಮಿನ್ ಡನಿವೇ ಜೊತೆ ಮದುವೆ. ಬಾಣಂತನ, ಅಡುಗೆ, ಕೆಲಸಗಾರರ ಊಟ, ಮಾರಾಟಕ್ಕೆಂದು ರಾಶಿ ರಾಶಿ ಬೆಣ್ಣೆ ಕಡೆಯುವುದು. ಕೈಗೆ ಒಂದು ಕಾಸೂ ತನ್ನದೆಂದು ಬರಲಿಲ್ಲ. ಗಂಡ ಗೆಳೆಯನ ಸಾಲಪತ್ರಕ್ಕೆ ಸಹಿ ಹಾಕುವಾಗ ಆಕೆಗೆ ಬೇಡವೆನ್ನುವ ಹಕ್ಕಿರಲಿಲ್ಲ. ಸಾಲ ತೀರದಾದಾಗ ಮಾತ್ರ, ಗಂಡ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬಂದ ಸಮನ್ಸು ಆಕೆಯ ಕೈಗೇ ಬಿತ್ತು. ಜಮೀನು ಹೋಯಿತು. ಬಳಿಕ ಬಂಡಿಯ ಅಪಘಾತದಲ್ಲಿ ಗಂಡನಿಗೆ ದುಡಿಯುವ ಶಕ್ತಿಯೇ ಉಡುಗಿತು. ಆರು ಮಕ್ಕಳ ಸಂಸಾರ ಆಕೆಯ ಹೆಗಲೇರಿತು.

ಆಕೆ ಶಾಲೆ ನಡೆಸಿದಳು, ಆಮೇಲೆ ಆರೆಗಾನ್‌ನ ಆಲ್ಬನಿ ಊರಿನಲ್ಲಿ ಹೆಂಗಸರ ಟೋಪಿಗಳ ಅಂಗಡಿ ಇಟ್ಟಳು. ಅಲ್ಲಿಗೆ ಬಂದ ಹೆಂಗಸರು ಟೋಪಿಗಿಂತ ಹೆಚ್ಚಾಗಿ ಕಷ್ಟ ತೆರೆದಿಡುತ್ತಿದ್ದರು. ಒಬ್ಬಳು ಮಕ್ಕಳಿಗೆ ಬಟ್ಟೆ ಕೊಳ್ಳಲೆಂದು ಬೆಣ್ಣೆ ಮಾರಿ ಕೂಡಿಟ್ಟ ದುಡ್ಡನ್ನು ಗಂಡ ಒಯ್ದು ರೇಸ್ ಕುದುರೆ ಕೊಂಡಿದ್ದ. ಕಾನೂನು ಅವನ ಕಡೆಗಿತ್ತು. ಅಬಿಗೇಲ್ ಮನೆಗೆ ಬಂದು ಕುದಿಯುತ್ತಾ ಇಂಥದ್ದೇ ಒಂದು ಅನ್ಯಾಯವನ್ನು ಹೇಳಿದಾಗ, ಹೆಂಗಸರಿಗೆ ಮತದ ಹಕ್ಕು ಬರುವವರೆಗೂ ಇದು ಬದಲಾಗದು ಎಂದವನು ಆಕೆಯ ಗಂಡ ಬೆನ್. ಆ ಮನುಷ್ಯನ ಬಗ್ಗೆ ನನಗೆ ಗೌರವ ಮೂಡಿದ್ದು ಇಲ್ಲಿಯೇ.

1871ರಲ್ಲಿ ಪೋರ್ಟ್‌ಲ್ಯಾಂಡಿಗೆ ಬಂದು 'ದಿ ನ್ಯೂ ನಾರ್ತ್‌ವೆಸ್ಟ್' ವಾರಪತ್ರಿಕೆ ಆರಂಭಿಸಿದಳು. 16 ವರ್ಷ ನಡೆಸಿದಳು. ಅದೇ ಊರಿನ ದೊಡ್ಡ ಪತ್ರಿಕೆ 'ಆರೆಗೋನಿಯನ್' ಸಂಪಾದಕ ಒಡಹುಟ್ಟಿದ ತಮ್ಮ ಹಾರ್ವೆ ಸ್ಕಾಟ್. ಹೆಂಗಸರ ಮತದಾನಕ್ಕೆ ಅವನ ವಿರೋಧ. ತವರಿನ ಹೆಸರೇ ಎದುರಾಳಿಯ ಬಲವಾಗುವುದಕ್ಕಿಂತ ನೋವು ಯಾವುದಿದೆ?

ಮದ್ಯಪಾನ ನಿಷೇಧದ ಚಳವಳಿಯನ್ನು ಮತದ ಹೋರಾಟಕ್ಕೆ ಗಂಟು ಹಾಕಬೇಡಿ, ಮತ ಹಾಕುವ ಗಂಡಸರು ಬೆದರುತ್ತಾರೆ ಎಂದು ಆಕೆ ಹಟ ಹಿಡಿದು ಜೊತೆಗಾರ್ತಿಯರೊಂದಿಗೇ ಜಗಳವಾಡಿದಳು. ಮಾತು ಕಟುವಾಗಿತ್ತು, ಲೆಕ್ಕಾಚಾರ ಸರಿಯಿತ್ತು ಎಂದೇ ನನ್ನ ನಂಬಿಕೆ.

ಹೆಂಗಸರಿಗೆ ಮತದ ಹಕ್ಕು ಕೊಡಬೇಕೇ ಎಂದು ಆರೆಗಾನ್‌ನ ಗಂಡಸರು ಮತ ಹಾಕಿದ್ದು 1884, 1900, 1906, 1908, 1910ರಲ್ಲಿ: ಐದು ಸಲವೂ ಸೋಲು. ಆರನೆಯ ಸಲ, 1912ರ ನವೆಂಬರ್‌ನಲ್ಲಿ ಗೆಲುವು. ಗವರ್ನರ್ ಓಸ್ವಾಲ್ಡ್ ವೆಸ್ಟ್ ಮತದ ಹಕ್ಕಿನ ಘೋಷಣಾ ಪತ್ರವನ್ನು 78ರ ಅಬಿಗೇಲಳ ಕೈಯಿಂದಲೇ ಬರೆಸಿದರು. ಪೋರ್ಟ್‌ಲ್ಯಾಂಡ್ ಇರುವ ಮಲ್ಟ್‌ನೋಮಾ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಮತದಾರಳಾಗಿ ಹೆಸರು ನೋಂದಾಯಿಸಿದ ಮೊದಲ ಹೆಂಗಸೂ ಆಕೆಯೇ. ಹಾರ್ವೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದ. ಬೆನ್ 1896ರಲ್ಲೇ ಹೋಗಿದ್ದ. ಅವನು ಆ ದಿನವನ್ನು ನೋಡಬೇಕಿತ್ತು.