ಫಿಲ್ಟರ್ ಹಾಕದೆ ಕಳಿಸಿದ ಮೇಲ್

ನೌಕರರ ವೀಸಾ ವಿವರವಿರುವ ಟ್ರ್ಯಾಕರ್ ಶೀಟ್‌ನಲ್ಲಿ ವೀಸಾ ಕಾಲಂಗೆ ಫಿಲ್ಟರ್ ಹಾಕಲು ಎರಡು ಕ್ಲಿಕ್ ಸಾಕು. 2025ರ ಸೆಪ್ಟೆಂಬರ್ 20ರ ಬೆಳಗಿನ ಜಾವ ಆ ಎರಡು ಕ್ಲಿಕ್ ಮಾಡುವಷ್ಟು ತಾಳ್ಮೆ ನನಗಿರಲಿಲ್ಲ.

ನಾನು ಒಂದು ಐಟಿ ಕಂಪನಿಯ ಮೊಬಿಲಿಟಿ ಟೀಮ್‌ನಲ್ಲಿ, ಅಂದರೆ ನೌಕರರನ್ನು ವಿದೇಶಕ್ಕೆ ಕಳಿಸುವ ವೀಸಾ ಕೆಲಸದಲ್ಲಿದ್ದೇನೆ. ನೌಕರರಿಗಾಗಿ ಕಂಪನಿ ಹಾಕುವ ಪಿಟಿಷನ್, ಪಾಸ್‌ಪೋರ್ಟ್‌ಗೆ ವೀಸಾ ಸ್ಟ್ಯಾಂಪಿಂಗ್, ಇನ್ನಷ್ಟು ದಾಖಲೆ ಕೇಳುವ ಆರ್‌ಎಫ್‌ಇ, ಇದೇ ದಿನನಿತ್ಯದ ಪಾಡು. ಶನಿವಾರ ನಾಲ್ಕೂವರೆಗೆ ಡೆಲಿವರಿ ಹೆಡ್ ಫೋನ್ ಮಾಡಿದರು. ಹಲೋ ಕೂಡ ಇಲ್ಲ. "ನ್ಯೂಸ್ ನೋಡಿದ್ರಾ? ಎಚ್-1ಬಿಗೆ ಒಂದು ಲಕ್ಷ ಡಾಲರ್ ಅಂತೆ." ನಿದ್ದೆಗಣ್ಣಲ್ಲಿ ಒಂದು ಲಕ್ಷ ರೂಪಾಯಿ ಅಂದುಕೊಂಡೆ. ಅದೂ ಜಾಸ್ತಿನೇ ಆಯ್ತಲ್ಲ ಅಂದೆ. ಅವರು ಸುಮ್ಮನಾದರು. ಆಮೇಲೆ ಲ್ಯಾಪ್‌ಟಾಪ್ ತೆರೆದು ನೋಡಿದರೆ ಡಾಲರೇ. ಹತ್ತಿರ ಹತ್ತಿರ 88 ಲಕ್ಷ ರೂಪಾಯಿ.

ಎಚ್-1ಬಿ ಅಂದರೆ ಪರಿಣತ ಕೆಲಸಗಾರರು ಅಮೆರಿಕದಲ್ಲಿ ದುಡಿಯಲು ಪಡೆಯುವ ವೀಸಾ. ಅದಕ್ಕೆ ಈ ಹಣ ವಿಧಿಸುವ ಆದೇಶಕ್ಕೆ ಟ್ರಂಪ್ ಶುಕ್ರವಾರ ಸಹಿ ಹಾಕಿದ್ದರು. ಜಾರಿ ಭಾನುವಾರ, ಅಮೆರಿಕದ ಪೂರ್ವ ತೀರದ ಸಮಯ ರಾತ್ರಿ 12.01ಕ್ಕೆ. ನಮ್ಮ ಗಡಿಯಾರದಲ್ಲಿ ಭಾನುವಾರ ಬೆಳಿಗ್ಗೆ 9.31. ವಾಣಿಜ್ಯ ಕಾರ್ಯದರ್ಶಿ ಲುಟ್ನಿಕ್ ಇದು ಪ್ರತಿ ವರ್ಷ ಕಟ್ಟಬೇಕಾದ ಹಣ ಎಂಬಂತೆ ಮಾತಾಡಿದ್ದರು. ಹಳೆ ವೀಸಾದವರಿಗೂ ಇದೆಯಾ, ಊರಿಗೆ ಬಂದವರು ವಾಪಸ್ ಹೋಗುವಾಗ ಕಟ್ಟಬೇಕಾ, ಯಾರಿಗೂ ಖಚಿತವಿರಲಿಲ್ಲ. ದೊಡ್ಡ ದೊಡ್ಡ ಕಂಪನಿಗಳೇ ತಮ್ಮವರಿಗೆ "ಗಡುವಿನೊಳಗೆ ವಾಪಸ್ ಬನ್ನಿ" ಎಂದು ಮೇಲ್ ಹಾಕುತ್ತಿದ್ದವು.

ಐದಕ್ಕೆ ಬ್ರಿಡ್ಜ್ ಕಾಲ್. ಅಮೆರಿಕದಲ್ಲಿರುವ ನಮ್ಮ ವಕೀಲರು ಹೇಳಿದ್ದು ಒಂದೇ ಮಾತು: ಸ್ಪಷ್ಟನೆ ಬರುವ ತನಕ ಎಚ್-1ಬಿಯವರು ಗಡುವಿಗೆ ಮೊದಲು ಒಳಗಿರುವುದು ಒಳ್ಳೆಯದು. ಎಚ್-1ಬಿ ಎಂದೇ ಹೇಳಿದ್ದರು. ರೆಕಾರ್ಡಿಂಗ್ ಆಮೇಲೆ ಮೂರು ಸಲ ಕೇಳಿದ್ದೇನೆ.

ನನ್ನ ಟ್ರ್ಯಾಕರ್‌ನಲ್ಲಿ ಅಮೆರಿಕದಿಂದ ಹೊರಗಿದ್ದವರು 23 ಜನ. ಡೆಲಿವರಿ ಹೆಡ್ ಚಾಟ್‌ನಲ್ಲಿ ಒಂದೇ ಸಮನೆ "ಮೇಲ್ ಹೋಯ್ತಾ? ಮೇಲ್ ಹೋಯ್ತಾ?" ಅನ್ನುತ್ತಿದ್ದರು. ಇಪ್ಪತ್ತಮೂರೂ ಜನಕ್ಕೆ ಒಂದೇ ಮೇಲ್ ಹಾಕಿದೆ. "ವರ್ಕ್ ವೀಸಾ ಇರುವ ಎಲ್ಲರೂ ತಕ್ಷಣ ಹೊರಡಿ." ಆ 23ರಲ್ಲಿ ಮೂವರದು ಎಲ್-1, ಅದೇ ಕಂಪನಿಯ ಅಮೆರಿಕದ ಕಚೇರಿಗೆ ವರ್ಗವಾಗುವವರ ವೀಸಾ. ಈ ಆದೇಶಕ್ಕೂ ಎಲ್-1ಗೂ ಯಾವ ಸಂಬಂಧವೂ ಇಲ್ಲ.

ಮೂವರಲ್ಲಿ ಇಬ್ಬರು ನನ್ನ ಮೇಲ್ ನೋಡಿದ್ದು ಸೋಮವಾರ. ಪುಣ್ಯವಂತರು. ಮೂರನೆಯವರು ಹತ್ತೇ ನಿಮಿಷದಲ್ಲಿ ಫೋನ್ ಮಾಡಿದರು. ತುಮಕೂರಿನ ಮನೆಯಲ್ಲಿದ್ದರು. ಅಪ್ಪನ ಕಾರ್ಯಕ್ಕೆಂದೇ ಹತ್ತು ದಿನ ರಜೆ ಹಾಕಿ ಬಂದಿದ್ದರು. ಮಾರನೇ ದಿನ ಮಹಾಲಯ ಅಮಾವಾಸ್ಯೆ.

"ಮೇಡಂ, ನಂದು ಎಲ್-1 ಅಲ್ವಾ? ನನಗೂ ಬರುತ್ತಾ ಇದು?"

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇವತ್ತಿಗೂ ಚುಚ್ಚುತ್ತದೆ. ಆದೇಶ ಅಲ್ಲೇ ಇನ್ನೊಂದು ಟ್ಯಾಬ್‌ನಲ್ಲಿ ತೆರೆದಿತ್ತು. ಓದಲು ಐದು ನಿಮಿಷ ಬೇಕಿತ್ತು. "ಒಂದು ನಿಮಿಷ ಇರಿ, ನೋಡಿ ಹೇಳ್ತೀನಿ" ಎನ್ನಬಹುದಿತ್ತು. ಆದರೆ ಇನ್ನೊಂದು ಲೈನ್‌ನಲ್ಲಿ ಏರ್‌ಪೋರ್ಟ್‌ನಿಂದ ಒಬ್ಬಾಕೆ ಅಳುತ್ತಿದ್ದರು. ಪಾಸ್‌ಪೋರ್ಟ್ ನಂಬರ್ ತುಂಬುವಷ್ಟರಲ್ಲಿ ಟಿಕೆಟ್ ದರ ಎರಡು ಸಲ ಏರಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗೊತ್ತಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನಲ್ಲ.

"ಈಗ ರಿಸ್ಕ್ ಬೇಡ, ಹೊರಟುಬಿಡಿ" ಅಂದೆ.

ಆ ಕಡೆ ಅವರ ತಾಯಿಯ ದನಿ ಕೇಳಿಸಿತು. "ನಾಳೆ ಅಮಾವಾಸ್ಯೆ ಕಣೋ, ಏನು ಹೇಳ್ತಿದ್ದಾರೆ ಅವರು?" ಅವರು ತಾಯಿಗೆ ಏನೋ ಸಮಾಧಾನ ಹೇಳಿದರು. ನನಗೆ "ಸರಿ ಮೇಡಂ" ಎಂದರು. ನಾನು ಥ್ಯಾಂಕ್ಸ್ ಹೇಳಿ ಅಳುತ್ತಿದ್ದವರ ಲೈನ್‌ಗೆ ಹೋದೆ.

ತುಮಕೂರಿನವರು ಗಲ್ಫ್‌ನಲ್ಲಿ ವಿಮಾನ ಬದಲಿಸಿ, ಗಡುವಿಗೆ ಮೂರು ಗಂಟೆ ಮೊದಲು ನ್ಯೂಯಾರ್ಕ್‌ನಲ್ಲಿ ಇಳಿದರು. ಅಷ್ಟರಲ್ಲಿ ಶ್ವೇತಭವನದ ವಕ್ತಾರೆ ಕರೋಲಿನ್ ಲೆವಿಟ್ ಸ್ಪಷ್ಟನೆ ಕೊಟ್ಟಾಗಿತ್ತು. ವರ್ಷಕ್ಕೊಮ್ಮೆ ಅಲ್ಲ, ಒಂದೇ ಸಲ. ಹೊಸ ಅರ್ಜಿಗಳಿಗೆ ಮಾತ್ರ. ಈಗಾಗಲೇ ವೀಸಾ ಇರುವವರು ಎಂದಿನಂತೆ ಹೋಗಿ ಬರಬಹುದು. ಅಂದರೆ ಎಚ್-1ಬಿಯವರೂ ಓಡಬೇಕಿರಲಿಲ್ಲ. ಆದರೆ ಅವರ ವಿಷಯದಲ್ಲಿ ನನಗೊಂದು ನೆಪವಿದೆ, ಆ ಹೊತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್-1 ವಿಷಯದಲ್ಲಿ ಆ ನೆಪವೂ ಇಲ್ಲ. ಇಳಿದ ಮೇಲೆ ಅವರಿಂದ ಮೆಸೇಜ್ ಬಂತು: "ರೀಚ್ಡ್ ಮೇಡಂ. ಇಮಿಗ್ರೇಷನ್ ಆಫೀಸರ್, ಯಾಕೆ ಇಷ್ಟು ಅವಸರ, ನಿಮಗೆ ಇದು ಅನ್ವಯಿಸಲ್ಲ ಅಂದ್ರು." ಕೊನೆಗೊಂದು ನಗುವ ಮುಖ. ಅದು ಬೈಗುಳಕ್ಕಿಂತ ಕಷ್ಟ.

ಸೋಮವಾರ ರಿವ್ಯೂ ಮೀಟಿಂಗ್. ಯಾರೂ ಆ ಮೇಲ್ ಬಗ್ಗೆ ಕೇಳಲಿಲ್ಲ. ಕೇಳಿದ್ದೆಲ್ಲ ಕಾಸ್ಟ್ ಶೀಟ್. ಅದುವರೆಗೆ ಒಂದು ಹೊಸ ಪಿಟಿಷನ್‌ಗೆ ನಾವು ಹಾಕುತ್ತಿದ್ದ ಲೆಕ್ಕ ಇಷ್ಟು: ರಿಜಿಸ್ಟ್ರೇಷನ್ 215 ಡಾಲರ್, ಪಿಟಿಷನ್ ಫಾರ್ಮ್ ಐ-129ಕ್ಕೆ 780, ಅಸೈಲಮ್ ಫೀ 600, ಟ್ರೇನಿಂಗ್ ಫೀ 1,500, ಫ್ರಾಡ್ ಫೀ 500. ಒಟ್ಟು 3,595. ಬೇಗ ತೀರ್ಮಾನ ಬೇಕೆಂದು ಪ್ರೀಮಿಯಂ ಹಾಕಿದರೆ ಇನ್ನೊಂದು 2,805. ವಕೀಲರ ಬಿಲ್ ಬೇರೆ. ರಿಜಿಸ್ಟ್ರೇಷನ್ 10 ಡಾಲರ್ ಇದ್ದದ್ದು 2025ರ ಮಾರ್ಚ್‌ನಲ್ಲಿ 215 ಆದಾಗ ಫೈನಾನ್ಸ್‌ನವರು ನನ್ನ ಕೈಲಿ ಮೂರು ಅಪ್ರೂವಲ್ ತರಿಸಿದ್ದರು. ಈಗ ಆ ಶೀಟ್‌ನಲ್ಲಿ 1,00,000 ಎಂದು ತುಂಬಿದರೆ ಕಾಲಂ ಅಗಲ ಸಾಲದೆ ಬರೀ ಹ್ಯಾಶ್ ಗುರುತು ಬಂತು.

ಒಬ್ಬ ಅಕೌಂಟ್ ಮ್ಯಾನೇಜರ್ ಕೇಳಿದರು, "ಬಾಂಡ್ ಬರೆಸಿಕೊಂಡು ಅಸೋಸಿಯೇಟ್ ಕಡೆಯಿಂದ ರಿಕವರ್ ಮಾಡೋಕಾಗಲ್ವಾ?" ಟ್ರೇನಿಂಗ್ ಫೀ, ಫ್ರಾಡ್ ಫೀಗಳನ್ನೇ ಕೆಲಸಗಾರರ ತಲೆಗೆ ಕಟ್ಟುವಂತಿಲ್ಲ ಸರ್, ಇದೂ ಪಿಟಿಷನ್ ಹಾಕುವ ಕಂಪನಿಯೇ ಕಟ್ಟಬೇಕಾದ ದುಡ್ಡು ಅಂದೆ. "ಹಾಗಾದ್ರೆ ಹೊಸ ಪಿಟಿಷನ್ನೇ ಬೇಡ ಬಿಡಿ" ಅಂದರು. ಒಂದು ವರ್ಷದ ಪ್ಲಾನ್ ಒಂದು ವಾಕ್ಯದಲ್ಲಿ ಮುಗಿಯಿತು.

ಅಕ್ಟೋಬರ್ 20ಕ್ಕೆ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ಇನ್ನಷ್ಟು ವಿವರ ಕೊಟ್ಟಿತು. ಅಮೆರಿಕದೊಳಗೇ ಇದ್ದು ಬೇರೆ ವೀಸಾದಿಂದ ಎಚ್-1ಬಿಗೆ ಸ್ಟೇಟಸ್ ಬದಲಿಸಿಕೊಳ್ಳುವವರಿಗೆ ಈ ಹಣ ಇಲ್ಲ ಎಂದಿತು. ತಕ್ಷಣ ಎಚ್-1ಬಿಗೆ ಹೆಸರು ಸೂಚಿಸುವ ನಮ್ಮ ನಾಮಿನೇಷನ್ ಪಟ್ಟಿ ತಲೆಕೆಳಗಾಯಿತು. ಅಲ್ಲೇ ಓದಿ ಒಪಿಟಿಯಲ್ಲಿರುವವರ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ತಾತ್ಕಾಲಿಕವಾಗಿ ಕೆಲಸ ಮಾಡುತ್ತಿರುವವರ ರೆಸ್ಯೂಮೆಗಳಿಗೆ ಬೇಡಿಕೆ ಬಂತು. ಆಫ್‌ಶೋರ್‌ನ, ಅಂದರೆ ಭಾರತದಲ್ಲೇ ಇರುವವರ, ಆರು ಹೆಸರು ತೆಗೆದದ್ದು ನಾನೇ. ಅದರಲ್ಲಿ ಒಬ್ಬಾಕೆ ಟೆಸ್ಟ್ ಲೀಡ್. ಎರಡು ವರ್ಷ ಎಚ್-1ಬಿ ಆಯ್ಕೆಯ ಲಾಟರಿಯಲ್ಲಿ ಹೆಸರು ಬಂದಿರಲಿಲ್ಲ, ಮೂರನೇ ಸಲ ನೋಡೋಣ ಎಂದು ಕಾಯುತ್ತಿದ್ದರು. ಕ್ಲೈಂಟ್‌ಗೆ ಅವರೇ ಬೇಕಿತ್ತು, 88 ಲಕ್ಷ ಮಾತ್ರ ಬೇಕಿರಲಿಲ್ಲ. ಕೊನೆಗೆ ಕೆಲಸವೇ ಇಲ್ಲಿಗೆ ಬಂತು. ಸಂಬಳ ಇಲ್ಲಿನದು, ಶಿಫ್ಟ್ ಅಲ್ಲಿನದು. ಇದನ್ನು ಟೌನ್‌ಹಾಲ್‌ನಲ್ಲಿ "ಅವಕಾಶ" ಎಂದು ಕರೆದರು.

ಈಗ ನನ್ನ ಟ್ರ್ಯಾಕರ್‌ನಲ್ಲಿ ಎಲ್-1 ಸಾಲುಗಳಿಗೆ ಹಸಿರು ಬಣ್ಣ ಬಳಿದಿದ್ದೇನೆ. ಆದೇಶ ಬಂದರೆ ಮೊದಲು ಓದುತ್ತೇನೆ, ಚಾಟ್ ಆಮೇಲೆ. ಯಾರಾದರೂ "ನನಗೂ ಬರುತ್ತಾ" ಅಂದರೆ "ಐದು ನಿಮಿಷ ಕೊಡಿ" ಅನ್ನುತ್ತೇನೆ. ಡೆಲಿವರಿ ಹೆಡ್‌ಗೆ ಇದು ಇಷ್ಟವಿಲ್ಲ. ಇರಲಿ.

ನವೆಂಬರ್‌ನಲ್ಲಿ ತುಮಕೂರಿನವರ ಟಿಕೆಟ್ ಕ್ಲೇಮ್ ನನ್ನ ಅಪ್ರೂವಲ್‌ಗೆ ಬಂತು. ಫೈನಾನ್ಸ್ ಎರಡು ಸಲ ವಾಪಸ್ ಕಳಿಸಿತ್ತು, ಕಾರಣ ಹಾಕಿಲ್ಲ ಎಂದು. ಆ ಟೂಲ್‌ನಲ್ಲಿ ಕಾರಣಕ್ಕೆ ಮೂರೇ ಆಯ್ಕೆ: ಕ್ಲೈಂಟ್ ಅಗತ್ಯ, ಫ್ಯಾಮಿಲಿ ಎಮರ್ಜೆನ್ಸಿ, ಇತರೆ. ಎರಡನೆಯದರ ಮೇಲೆ ಕರ್ಸರ್ ಸ್ವಲ್ಪ ಹೊತ್ತು ನಿಂತಿತು. ಫ್ಯಾಮಿಲಿ ಬಿಟ್ಟು ಹೋಗಿದ್ದಕ್ಕೆ ಫ್ಯಾಮಿಲಿ ಎಮರ್ಜೆನ್ಸಿ ಅಂತ ಹಾಕಲಾ? ಇತರೆ ಒತ್ತಿದೆ. ವಿವರ ಬರೆಯಿರಿ, ಐವತ್ತು ಅಕ್ಷರ ಮೀರಬಾರದು ಎಂದು ಬಂತು. "ಮೊಬಿಲಿಟಿ ಟೀಮ್ ತಪ್ಪು" ಎಂದು ಬರೆದೆ. ಇನ್ನೂ ಜಾಗ ಉಳಿದಿತ್ತು. ಟೀಮ್ ಎನ್ನುವುದನ್ನು ಅಳಿಸಿ ನನ್ನ ಹೆಸರು ಹಾಕಿದೆ.